ಮೊಲ ಎತ್ತುವ ಯಂತ್ರ

ಮನೆ, ಊಟದ ಮೇಜು
ಭಾನುವಾರ, ಮೇ ಹನ್ನೊಂದು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಇಸ್ತ್ರಿಯ ಹಬೆ ತಾಗಿ ಮಣಿಕಟ್ಟು ಸುಟ್ಟಿದೆ ಅಂದಿದ್ದೆಯಲ್ಲ, ವಾಸಿಯಾಯಿತೇ? ನಿಮ್ಮ ಹಡಗಿನ ಲಾಂಡ್ರಿಗೆ ಕಿಟಕಿಯೇ ಇಲ್ಲ ಎಂದು ನೀನೇ ನಗುತ್ತ ಹೇಳಿದ್ದೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದೂ ಸಮುದ್ರ ಕಾಣದವಳು ನೀನೊಬ್ಬಳೇ ಇರಬೇಕು. ಇಲ್ಲಿ ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ನನ್ನ ಪರೀಕ್ಷೆಗಳು ಮುಗಿದವು. ವೈವಾದಲ್ಲಿ ಗೊತ್ತಿದ್ದದ್ದೂ ಗಂಟಲಲ್ಲೇ ಉಳಿಯಿತು. ಮೇಡಂ ನೀರು ಕುಡಿಸಿ ಕಳಿಸಿದರು. ಪಾಸಾಗುತ್ತೇನೆ ಅನ್ನಿಸುತ್ತದೆ. ಟೆನ್ಷನ್ ಮಾಡಿಕೊಳ್ಳಬೇಡ, ಅದನ್ನು ನಾನು ನಿನ್ನ ಪಾಲಿನದೂ ಸೇರಿಸಿ ಮಾಡಿಕೊಳ್ಳುತ್ತಿದ್ದೇನೆ.

ಈ ರಜೆಯಲ್ಲಿ ತಂಗಿ ಮೆಣಸಿನ ಜೊತೆ ಇದ್ದು, ಅವಳು ನಾನು ಓದಿದ ಹಾಸ್ಟೆಲ್ಲಿಗೆ ಈ ವರ್ಷವೇ ಹೋಗಬಲ್ಲಳೇ ನೋಡಿ ಬರೆ ಎಂದು ನೀನು ಹೇಳಿದ್ದೆ. ಅದಕ್ಕೇ ಕೂತಿದ್ದೇನೆ, ಆದರೆ ಬೇರೆ ಕಡೆಯಿಂದ ಶುರು ಮಾಡಬೇಕು. ನಾನು ಅವಳಿಗಾಗಿ ಒಂದು ಕ್ಲಾ ಮಶೀನ್ ಮಾಡಿದೆ. ಮಾಲ್‌ಗಳಲ್ಲಿ ಇರುತ್ತದಲ್ಲ, ಗಾಜಿನ ಪೆಟ್ಟಿಗೆಯೊಳಗೆ ಗೊಂಬೆಗಳ ರಾಶಿ, ಮೇಲಿಂದ ಉಕ್ಕಿನ ಪಂಜ ಇಳಿದು ಒಂದನ್ನು ಹಿಡಿಯುವ ಆಟ, ಅದು. ಔಷಧಿ ಅಂಗಡಿಯವನು ದೊಡ್ಡ ರಟ್ಟಿನ ಡಬ್ಬ ಕೊಟ್ಟ, ಸಿರಿಂಜುಗಳನ್ನೂ ಕೊಟ್ಟ, ಯಾಕೆ ಎಂದು ಎರಡು ಸಲ ಕೇಳಿದ. ಅಕ್ವೇರಿಯಂ ಅಂಗಡಿಯಿಂದ ಸಣ್ಣ ಕೊಳವೆ ತಂದೆ. ಐಸ್‌ಕ್ರೀಮ್ ಕಡ್ಡಿಗಳಲ್ಲಿ ನಾಲ್ಕು ಬೆರಳು. ಹೊರಗಿನ ಸಿರಿಂಜು ಒತ್ತಿದರೆ ಕೊಳವೆಯ ನೀರು ಒಳಗಿನ ಸಿರಿಂಜನ್ನು ತಳ್ಳಿ ಬೆರಳುಗಳು ಮುಚ್ಚುತ್ತವೆ. ಇನ್ನೊಂದನ್ನು ಒತ್ತಿದರೆ ತೋಳು ಏಳುತ್ತದೆ. ಲ್ಯಾಬಿನಲ್ಲಿ ನಾನು ಮುಟ್ಟಿದ್ದೆಲ್ಲ ಕೆಡುತ್ತಿತ್ತು. ಇದು ಓಡಿತು. ಅಜ್ಜಿ ಕೂತಲ್ಲಿಂದಲೇ, "ಗೊಂಬೆ ಎತ್ತೋಕೆ ಇಷ್ಟೆಲ್ಲ ಬೇಕಾ, ದೇವರು ಕೈ ಕೊಟ್ಟಿಲ್ವಾ?" ಅಂದಳು. ಆದರೆ ಮೊದಲು ಆಡಿದವಳೂ ಅವಳೇ, ಸೋತು ಬೈದವಳೂ ಅವಳೇ.

ಅಂಗಡಿಯ ಯಂತ್ರಗಳ ಹಿಡಿತವನ್ನು ಬೇಕೆಂದೇ ಸಡಿಲ ಇಟ್ಟಿರುತ್ತಾರೆ ಎಂದು ಓದಿದ್ದೆ. ಗೊಂಬೆ ಅರ್ಧ ಎತ್ತರಕ್ಕೆ ಬಂದು ಜಾರಬೇಕು, ಆಗಲೇ ಜನ ಮತ್ತೆ ಆಡುತ್ತಾರೆ. ನನಗೆ ಎಲ್ಲವೂ ಅಸಲಿಯಂತೆ ಇರಬೇಕಿತ್ತಲ್ಲ, ನಾನೂ ರಬ್ಬರ್ ಬ್ಯಾಂಡ್ ಸಡಿಲ ಕಟ್ಟಿದೆ. ದಿನಕ್ಕೆ ಮೂರೇ ಸರದಿ ಎಂದು ನಿಯಮ ಮಾಡಿದೆ. ಹಾಸ್ಟೆಲ್ಲಿನಲ್ಲಿ ಸ್ನಾನಕ್ಕೆ ಸರದಿ, ಫೋನಿಗೆ ಸರದಿ, ಕೇರಂಗೆ ಸರದಿ. ಸರದಿ ಇಲ್ಲದ ಆಟ ನನಗೆ ತೋಚಲೇ ಇಲ್ಲ. ಆಮೇಲೆ, ಅಮ್ಮಾ, ಒಳಗೆ ಏನಿಟ್ಟೆ ಗೊತ್ತೇ? ಅದೇ ವಾರ ನಿನ್ನ ಪಾರ್ಸೆಲ್ ಬಂದಿತ್ತು. ಹಡಗಿನ ಹಳೆಯ ಬೆಡ್‌ಶೀಟಿನಲ್ಲಿ ನೀನು ಅವಳಿಗೆಂದು ಹೊಲಿದ ಮೊಲ. ಅದನ್ನು ಅವಳ ಕೈಗೆ ಕೊಡದೆ ಪೆಟ್ಟಿಗೆಯ ನಡುವೆ ಕೂರಿಸಿದೆ. ದೊಡ್ಡ ಬಹುಮಾನ ಅಂದೆ. ಅವಳಿಗೇ ಬಂದದ್ದನ್ನು ಅವಳು ಗೆಲ್ಲಬೇಕಾಯಿತು.

ಮೆಣಸು ಅಂತ ನಾವು ಹೆಸರಿಟ್ಟಿದ್ದು ಸುಮ್ಮನೆ ಅಲ್ಲವಲ್ಲ. ಬೇಕು ಅಂದರೆ ನೆಲದ ಮೇಲೆ ಉರುಳಿ ಇಡೀ ಬೀದಿಗೆ ಕೇಳಿಸುತ್ತಿದ್ದವಳು. ಆ ರಂಪಕ್ಕೆ ನಾನು ಕಾದಿದ್ದೆ. ದಿನಾ ಬಂದಳು, ಮೂರು ಸಲ ಒತ್ತಿದಳು, ಮೊಲ ಮೂರು ಸಲವೂ ಕಿವಿ ಜೋಲಿಸಿಕೊಂಡು ಜಾರಿತು. ಎದ್ದು ಕೈ ಒರೆಸಿಕೊಂಡು, "ನಂಗೇನ್ ಅದು ಅಷ್ಟೊಂದು ಬೇಕಿರ್ಲಿಲ್ಲ ಅಕ್ಕಾ" ಅಂದಳು. ಅಜ್ಜಿ ಹಿಗ್ಗಿ, "ನೋಡೇ, ಎಷ್ಟು ಗಟ್ಟಿಗಿತ್ತಿ ಆಗಿದಾಳೆ, ಹಾಸ್ಟೆಲ್ಲಿಗೆ ಹೇಳಿ ಮಾಡಿಸಿದ ಹಾಗಿದಾಳೆ" ಅಂದಳು.

ಮೆಣಸಿನ ಆ ಧಾಟಿ ನನ್ನದು. ಹಾಸ್ಟೆಲ್ಲಿನ ಫೋನಿನಲ್ಲಿ, ಈ ಸಲವೂ ರಜೆಗೆ ಹಡಗು ಬಿಟ್ಟು ಬರಲಾಗುವುದಿಲ್ಲ ಎಂದು ನೀನು ಹೇಳಿದಾಗಲೆಲ್ಲ ನಾನು ಪರವಾಗಿಲ್ಲಮ್ಮ ಅನ್ನುತ್ತಿದ್ದೆನಲ್ಲ, ಅದೇ ಧಾಟಿ. ನಾನು ಎಂಟು ವರ್ಷ ಅಲ್ಲಿದ್ದು ಕಲಿತದ್ದನ್ನು ಅವಳಿಗೆ ಒಂದು ವಾರದಲ್ಲಿ, ನಮ್ಮದೇ ನಡುಮನೆಯಲ್ಲಿ ಕೂರಿಸಿಕೊಂಡು ಕಲಿಸಿಬಿಟ್ಟಿದ್ದೆ.

ಕೂಡಲೇ ಮುಚ್ಚಳ ತೆಗೆದು ಮೊಲವನ್ನು ಕೊಟ್ಟೆ. ಥ್ಯಾಂಕ್ಯೂ ಅಂದಳು, ಒಮ್ಮೆ ಮೂಸಿದಳು, ಮತ್ತೆ ತಾನೇ ಪೆಟ್ಟಿಗೆಯೊಳಗೆ ಇಟ್ಟಳು. "ನಾಳೆ ನನ್ ಸರದಿ ಬಂದಾಗ ನೋಡೋಣ." ಈಗ ರಬ್ಬರ್ ಬ್ಯಾಂಡ್ ಬಿಗಿ ಮಾಡಿದ್ದೇನೆ, ಸರದಿಯೂ ಇಲ್ಲ, ಒತ್ತಿದರೆ ಸಾಕು ಮೊಲ ಮೇಲೆ ಬರುತ್ತದೆ. ಅವಳು ಆಡುವುದಿಲ್ಲ. ನಾನೇ ಎತ್ತಿ ತೋರಿಸಿದರೆ ಅಕ್ಕನ ಮನಸ್ಸು ನೋಯಬಾರದೆಂದು ಚಪ್ಪಾಳೆ ತಟ್ಟುತ್ತಾಳೆ.

ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಬೇರೆ ದಾರಿ ಇರಲಿಲ್ಲ, ಗೊತ್ತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಜ್ವರ ಬಂದರೆ ವಾರ್ಡನ್ ಹಣೆ ಮುಟ್ಟಿ ನೋಡುತ್ತಿದ್ದರು. ಆದರೆ ಅವಳು ತಯಾರಾಗಿದ್ದಾಳೆಯೇ ಅಂದರೆ, ಹೌದು, ತಯಾರಾಗಿದ್ದಾಳೆ, ನಾನೇ ಮಾಡಿದ್ದು. ಕಲಿಸಿದ್ದನ್ನು ಹೇಗೆ ಮರೆಸುವುದೋ ತಿಳಿಯುತ್ತಿಲ್ಲ.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಹೊಟ್ಟೆ ತುಂಬ ಉಣ್ಣು ಎಂಬ ಬೈಗುಳವನ್ನೂ. ಮಣಿಕಟ್ಟಿಗೆ ಮುಲಾಮು ಹಚ್ಚಿಕೋ, ಅಸಡ್ಡೆ ಮಾಡಬೇಡ.

ನಿನ್ನ ದೊಡ್ಡವಳು

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ನಿನ್ನೆ ಹಾಸ್ಟೆಲ್ಲಿನ ಆಫೀಸಿನಿಂದ ಫೋನ್ ಬಂತು, ಸೀಟು ಇಟ್ಟುಕೊಳ್ಳಬೇಕೇ ಎಂದು. ಅಜ್ಜಿ ನನ್ನ ಕೈಗೆ ಕೊಟ್ಟಳು. ನಾನು ಬೇಡ ಅಂದೆ. ನಿನ್ನನ್ನು ಕೇಳಲಿಲ್ಲ. ಸೀಟು ಬೇರೆಯವರಿಗೆ ಹೋಯಿತು. ನನ್ನ ಕಾಲೇಜು ಶುರುವಾದ ಮೇಲೆ ಈ ಮಂಡಿ ಇಟ್ಟುಕೊಂಡು ಅಜ್ಜಿ ಒಬ್ಬಳೇ ಅವಳನ್ನು ನೋಡಿಕೊಳ್ಳಲಾರಳು, ಅದೂ ಗೊತ್ತಿದ್ದೇ ಬೇಡ ಅಂದೆ. ಹಡಗಿನವರು ಮುಂದಿನ ಕರಾರು ತಂದಾಗ ಸಹಿ ಹಾಕಬೇಡ, ಮನೆಗೆ ಬಾ. ಮೆಣಸಿಗೆ ನೀನು ಬೇಕು ಎಂದು ಬರೆಯಹೊರಟಿದ್ದೆ. ಅವಳು ಕೇಳಿಲ್ಲ. ನಾನು ಕೇಳುತ್ತಿದ್ದೇನೆ.