ಬಾಯಿ ಬಿಡಲಿಲ್ಲ

ಮಾರ್ಚ್ 9, ಭಾನುವಾರ

ನರ್ಸ್ ಯೂನಿಫಾರ್ಮ್ ಇನ್ನೂ ಬಕೆಟ್ಟಿನಲ್ಲೇ ನೆನೆಯುತ್ತಿದೆ. ಚರ್ಚಿನಿಂದ ಬಂದವಳು ಹಾಗೇ ಕೂತುಬಿಟ್ಟೆ. ಊಟ ಸೇರಲಿಲ್ಲ.

ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟ. ಶುಭ ಶುಕ್ರವಾರ ವೇದಪಾಠ ಓದುವವರ ಹೆಸರು ಹೇಳಿದರು. ನನ್ನದೂ ಇತ್ತು. ಅಧ್ಯಕ್ಷೆ ರಜನಿಬಾಯಿ ತಡೆದರು.

"ಮನಿ ಸಂಭಾಳಸಾಕ ಬರದಾಕಿ ಸಭಾದ ಮುಂದ ನಿಂತು ಏನ್ ಓದ್ತಾಳ?"

ತಲೆಗಳೆಲ್ಲ ನನ್ನ ಕಡೆ ತಿರುಗಿದವು.

ನನ್ನ ಮಗಳು ಸೌಮ್ಯಾ ಇಕ್ಬಾಲನನ್ನು ಮದುವೆಯಾಗಿದ್ದು ಜನವರಿಯಲ್ಲಿ. ರಿಜಿಸ್ಟರ್ ಮದುವೆ. ಸಾಕ್ಷಿ ಸಹಿ ನನ್ನದೇ. ಅವಳಪ್ಪ ತೀರಿಕೊಂಡ ಮೇಲೆ ಡ್ಯೂಟಿ ಮೇಲೆ ಡ್ಯೂಟಿ ಮಾಡಿ ಬೆಳೆಸಿದ ಮಗಳು. ಸುಖವಾಗಿದ್ದಾಳೆ. ನಾನೇಕೆ ತಲೆ ತಗ್ಗಿಸಲಿ?

ಆದರೂ ತಗ್ಗಿಸಿದೆ. ಅದಕ್ಕೇ ಈ ಸಿಟ್ಟು.

ಮಾರ್ಚ್ 11, ಮಂಗಳವಾರ

ಈ ವಾರದಿಂದ ಆಸ್ಪತ್ರೆಯಲ್ಲಿ ನನ್ನನ್ನು ಕುಡಿತ ಬಿಡಿಸುವ ವಾರ್ಡಿಗೆ ಹಾಕಿದ್ದಾರೆ. ಉಣಕಲ್‌ನಿಂದ ಧಾರವಾಡದವರೆಗೂ ಬಸ್ಸಿನಲ್ಲಿ ನಿಂತೇ ಹೋದೆ.

ಕಿಟಕಿ ಪಕ್ಕದ ಹಾಸಿಗೆ. ಗಡ್ಡ ಬಿಟ್ಟವನು, ಕೈ ನಡುಗುತ್ತಿದೆ. ಮಾತ್ರೆ ಕೊಡಲು ಬಾಗಿದರೆ — ಪ್ರಸಾದ. ರಜನಿಬಾಯಿಯ ಮಗ! ಪುಣೆಯ ಬೈಬಲ್ ಕಾಲೇಜಿನಲ್ಲಿದ್ದಾನೆ ಎಂದು ಇಡೀ ಸಭೆ ಯಾರಿಗಾಗಿ ಪ್ರಾರ್ಥಿಸುತ್ತಿದೆಯೋ, ಅವನು. ಅಪ್ಪ ತಂದು ಸೇರಿಸಿದರಂತೆ. ಅವ್ವ ಒಮ್ಮೆಯೂ ಬಂದಿಲ್ಲ.

ಖುಷಿಯಾಯಿತು. ಇದನ್ನು ಯಾರೂ ಓದುವುದಿಲ್ಲ, ಬರೆದೇ ಬಿಡುತ್ತೇನೆ. ಖುಷಿಯಾಯಿತು.

ಮಾರ್ಚ್ 14, ಶುಕ್ರವಾರ

ರೊಟ್ಟಿ ಬಡಿಯುತ್ತಾ ಒಂದು ಮಾತು ತಯಾರು ಮಾಡಿಕೊಂಡೆ. ಕೂಟದಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಮೆತ್ತಗೆ — ಪ್ರಸಾದನ ಕೈ ನಡುಗುವುದು ಈಗ ಕಡಿಮೆಯಾಗಿದೆ, ಚಿಂತಿಸಬೇಡಿ. ಅಷ್ಟೇ. ಸುಳ್ಳಲ್ಲ, ಬೈಗುಳವಲ್ಲ. ಕಾಳಜಿ!

ಸೈತಾನ ಕೋಡು ಮೂಡಿಸಿಕೊಂಡು ಬರುತ್ತಾನೆ ಅಂತ ಯಾರು ಹೇಳಿದರು? ಹೀಗೇ ಬರುತ್ತಾನೆ, ಕ್ಷೇಮಸಮಾಚಾರ ಕೇಳುತ್ತಾ.

ರೋಗಿಯ ವಿಷಯ ಹೊರಗೆ ಹೇಳಬಾರದೆಂಬ ನಿಯಮವಿದೆ. ಗೊತ್ತು. ಆದರೆ ಸಿಟ್ಟಿಗೆ ನಿಯಮ ಯಾವ ಲೆಕ್ಕ? ಕರ್ತನ ಪ್ರಾರ್ಥನೆಯಲ್ಲಿ ಪ್ರಲೋಭನೆಗೆ ಬೀಳಿಸಬೇಡ ಎನ್ನುವ ಶೋಧನೆಯ ಮಾತು ಬರುವಲ್ಲಿ ತಡವರಿಸಿದೆ. ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅಲ್ಲೇ.

ಮಾರ್ಚ್ 23, ಭಾನುವಾರ

ಕೂಟದಲ್ಲಿ ರಜನಿಬಾಯಿ ಸಾಕ್ಷಿ ಹೇಳಿದರು. ಮಗ ಪುಣೆಯಲ್ಲಿ ಉಪವಾಸ ಮಾಡುತ್ತಿದ್ದಾನೆ, ದೇವರು ಅವನನ್ನು ಕರೆದಿದ್ದಾನೆ. ಎಲ್ಲರೂ ಸ್ತೋತ್ರ ಅಂದರು. ಆಮೇಲೆ ಕೆಟ್ಟ ದಾರಿ ಹಿಡಿದ ಹೆಣ್ಣುಮಕ್ಕಳಿಗಾಗಿ ಪ್ರಾರ್ಥನೆ. ಯಾರಿಗೆಂದು ಕೇಳಬೇಕೆ?

ಬಾಯಿ ತೆರೆದೆ. ಖರೇನೇ ತೆರೆದೆ. "ಪ್ರಸಾದ" ಅನ್ನುವವರೆಗೂ ಬಂತು. ಎಲ್ಲರೂ ನೋಡಿದರು. ರಜನಿಬಾಯಿಯ ಮುಖ ಕ್ಷಣದಲ್ಲಿ ಬಿಳಿಚಿತು. ಆ ಹೆದರಿಕೆಯನ್ನು ನಮ್ಮ ವಾರ್ಡಿನ ಬಾಗಿಲಲ್ಲಿ ದಿನಾ ನೋಡುತ್ತೇನೆ, ರೋಗಿಗಳ ಅವ್ವಂದಿರಲ್ಲಿ.

"ಪ್ರಸಾದನಿಗೂ ಪ್ರಾರ್ಥನೆ ಮಾಡೋಣ" ಅಂದೆ. ಎದ್ದು ಹೋಗಿ ಚಹಾದ ಕಪ್ಪು ತೊಳೆದೆ. ಒಂದರ ಹಿಡಿ ಮುರಿಯಿತು.

ದೇವರ ಮೇಲೂ ಸಿಟ್ಟು. ಶೋಧನೆ ಗೆದ್ದವಳಿಗೆ ಸಮಾಧಾನ ಕೊಡಬೇಕೋ ಬೇಡವೋ?

ಮಾರ್ಚ್ 29, ಶನಿವಾರ

ಪ್ರಸಾದ ಎರಡು ರೊಟ್ಟಿ ತಿಂದ. ಅವ್ವ ಚರ್ಚಿನಲ್ಲಿ ಏನು ಹೇಳಿಕೊಂಡಿದ್ದಾಳೆ ಎಂದು ತಾನಾಗಿಯೇ ಕೇಳಿದ. ನಾನು ಹೇಳಲಿಲ್ಲ. ಅವನಿಗೇ ಗೊತ್ತಿತ್ತು. ನಕ್ಕ, ಆಮೇಲೆ ಅತ್ತ.

"ಹೇಳಿಬಿಡ್ರಿ ಸಿಸ್ಟರ್, ಎಲ್ಲಾರಿಗೂ. ನಾನಽ ಹೇಳಾಕತ್ತೇನಿ. ಅವ್ವಗ ತಿಳೀಲಿ."

ನೋಡು, ಈಗ ಪರವಾನಗಿಯೂ ಸಿಕ್ಕಿತು! ಇನ್ನೇನು ಬೇಕು?

"ನಿನ್ನ ಸಿಟ್ಟಿಗೆ ನನ್ನ ಬಾಯಿ ಕೊಡಂಗಿಲ್ಲೋ ತಮ್ಮಾ" ಅಂದೆ. "ನನ್ನ ಸಿಟ್ಟಿಗೇ ಕೊಟ್ಟಿಲ್ಲ. ಹೇಳೂದಿದ್ರ ಎದ್ದು ಹೋಗಿ ನೀನ ಹೇಳು."

ಏಪ್ರಿಲ್ 6, ಭಾನುವಾರ

ಚರ್ಚಿನ ಪಾದ್ರಿ ಅಯ್ಯನವರು ಕರೆಸಿದರು. ರಜನಿಬಾಯಿ ಮೊದಲೇ ಕುಳಿತಿದ್ದರು. ಸಭೆಯ ಶಾಂತಿಗಾಗಿ ಈ ವರ್ಷ ಓದುವುದು ಬಿಡಿ ಎಂದರು ಅಯ್ಯನವರು. ಒಳ್ಳೆಯ ಮನುಷ್ಯ, ಜಗಳಕ್ಕೆ ಅಂಜುತ್ತಾರೆ.

ಪ್ರಸಾದನ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ಆದರೆ ತಲೆ ತಗ್ಗಿಸಲಿಲ್ಲ.

"ಇಕ್ಬಾಲ ನನ್ನ ಅಳಿಯ ರಿ. ನಾ ಓದ್ತೇನಿ. ಬ್ಯಾಡಂದ್ರ ಅವತ್ತ ಎಲ್ಲಾರ ಮುಂದ ಬಂದು ಬೈಬಲ್ ಕಸಗೊಳ್ರಿ."

ಅಯ್ಯನವರು ಕನ್ನಡಕ ಒರೆಸಿಕೊಂಡರು. ಬೇಡ ಅನ್ನಲಿಲ್ಲ.

ಏಪ್ರಿಲ್ 15, ಮಂಗಳವಾರ, ಮಧ್ಯಾಹ್ನ

ವಾರ್ಡಿನ ಬಾಗಿಲಲ್ಲಿ ರಜನಿಬಾಯಿ. ಕೈಯಲ್ಲಿ ಡಬ್ಬಿ. ಯೂನಿಫಾರ್ಮಿನಲ್ಲಿ ನನ್ನನ್ನು ಕಂಡು ಗೋಡೆ ಹಿಡಿದರು. ಯಾವಾಗಿನಿಂದ ಗೊತ್ತು ಎಂದರು. ಮಾರ್ಚಿನಿಂದ ಅಂದೆ.

ಡಬ್ಬಿಗೆ ಸೆರಗು ಮುಚ್ಚಿದರು. ಆಮೇಲೆ ಮೆತ್ತಗೆ — "ಇದು ನಮ್ಮಿಬ್ಬರಾಗ ಇರಲಿ. ಶುಕ್ರವಾರ ನೀವು ಓದ್ರಿ, ನಾ ಏನೂ ಅನ್ನಂಗಿಲ್ಲ."

ವ್ಯಾಪಾರ! ಇಷ್ಟು ದಿನ ಪುಕ್ಕಟೆ ಗುಟ್ಟು ಕಾದದ್ದಕ್ಕೆ ಈಗ ಬೆಲೆ ಕಟ್ಟುತ್ತಾರೆ.

"ಅದಕ್ಕೂ ಇದಕ್ಕೂ ಗಂಟು ಹಾಕಬ್ಯಾಡ್ರಿ. ನೀವು ಬೈದರೂ ನಾ ಹೇಳಂಗಿಲ್ಲ. ನೀವು ತಡದರೂ ನಾ ಓದಾಕಿ. ಒಳಗ ಹೋಗ್ರಿ, ಮಗ ಕಾಯಾಕತ್ತಾನ."

ಹೋದರು. ನಾನು ಪರದೆ ಎಳೆದೆ.

ಏಪ್ರಿಲ್ 18, ಶುಭ ಶುಕ್ರವಾರ, ಸಂಜೆ

ಓದಿದೆ. ಯಾರೂ ಬೈಬಲ್ ಕಸಿದುಕೊಳ್ಳಲಿಲ್ಲ. ಸೌಮ್ಯಾ, ಇಕ್ಬಾಲ ಇಬ್ಬರೂ ಬಂದಿದ್ದರು. ಇಕ್ಬಾಲ ತಿಳಿಯದೆ ಹೆಂಗಸರ ಸಾಲಿನಲ್ಲಿ ಕುಳಿತಿದ್ದ. ಯಾರೋ ಮುದುಕಿ ಸರಿದು ಜಾಗ ಮಾಡಿಕೊಟ್ಟಳು.

ಹೊರಗೆ ಬಂದಾಗ ಕೂಟದ ಒಬ್ಬಾಕೆ ನನ್ನನ್ನೇ ಕೇಳಬೇಕೆ, ಈಸ್ಟರಿಗೆ ಪ್ರಸಾದ ಪುಣೆಯಿಂದ ಬರುತ್ತಾನೇನು ಎಂದು! ರಜನಿಬಾಯಿ ಪಕ್ಕದಲ್ಲೇ ಇದ್ದರು. ಅವರನ್ನೇ ಕೇಳಿ ಅಂದೆ.

"ಅಂವ ಪುಣೆಯಾಗ ಇಲ್ಲ," ಅಂದರು ರಜನಿಬಾಯಿ. "ಧಾರವಾಡದಾಗ ದವಾಖಾನ್ಯಾಗ ಅದಾನ. ಕುಡಿಯೂದು ಬಿಡಸಾಕ."

ಅವರು ನನ್ನತ್ತ ನೋಡದೆ ರಿಕ್ಷಾ ಹತ್ತಿದರು. ಸೌಮ್ಯಾಳ ಬಗ್ಗೆ ಆಡಿದ್ದಕ್ಕೆ ಒಂದು ಮಾತೂ ಇಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಸುಳ್ಳಾಗುತ್ತದೆ. ಬಾಯಿ ಬಿಡಲಿಲ್ಲ, ಮತ್ತೆ ತಲೆ ತಗ್ಗಿಸಲಿಲ್ಲ. ನನ್ನ ಕೈಲಾದದ್ದು ಅಷ್ಟು, ಕರ್ತನೇ. ಉಳಿದದ್ದು ಇನ್ನು ನೀನೇ ನೋಡಿಕೋ.