ದರ್ಜಿಯ ಅಳತೆ ಪುಸ್ತಕ

ಮಾರ್ಚ್ 12, ರಾತ್ರಿ ಒಂಬತ್ತು.

ಅಪ್ಪ ಹೋದ ಮೇಲೆ ಮನೆತನದ ವಿವರ ಬರೆದಿಡೋಣವೆಂದು ನಾನೂ ತಮ್ಮನೂ ಇವತ್ತು ಅಪ್ಪನ ಹುಟ್ಟೂರಿಗೆ ಬಂದೆವು. ಇಲ್ಲಿನ ಮುದುಕ ದರ್ಜಿ ಹಳೆಯ ಅಳತೆ ಪುಸ್ತಕ ತೆಗೆದರು. ತಾತನ ಎದೆ, ಅಪ್ಪನ ತೋಳು, ಅದರ ಕೆಳಗೆ ತಮ್ಮನ ಅಳತೆ, ಏಳನೇ ವಯಸ್ಸಿನಿಂದ ವರ್ಷವರ್ಷದ್ದೂ.

“ನನ್ನದು?” ಎಂದೆ.

“ನಿಮ್ಮಪ್ಪ ನಿನ್ನನ್ನ ಒಂದ್ಸಲಾನೂ ಕರ್ಕೊಂಡು ಬರ್ಲಿಲ್ಲವಲ್ಲಮ್ಮ. ಬಾ, ಈಗ ಬರ್ಕೋತೀನಿ.”

“ಅಕ್ಕನಿಗೆ ನಿಮ್ಮ ಟೇಪು ಸಾಲಲ್ಲ, ಯಜಮಾನ್ರೇ!” ತಮ್ಮ ನಕ್ಕ.

ಬೇಡವೆಂದು ಹೊರಗೆ ಬಂದುಬಿಟ್ಟೆ.

ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆಂದು ಅಪ್ಪ ಮನೆಯಲ್ಲೇ ಬಿಟ್ಟುಬರುತ್ತಿದ್ದರು. ಕರೆದಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಬರ್ತೀಯಾ ಎಂದು ಅಪ್ಪ ಒಂದು ಸಲ ಕೇಳಬಹುದಿತ್ತು.

ಈಗ ಆ ಪುಟದಲ್ಲಿ ಅಪ್ಪನ ಕೆಳಗೆ ನನಗೂ ಒಂದು ಸಾಲು ಬೇಕೆನಿಸುತ್ತಿದೆ. ನಾಳೆ ಅಂಗಡಿ ತೆಗೆಯುವುದು ಒಂಬತ್ತಕ್ಕೆ. ನಮ್ಮ ಬಸ್ಸು ಏಳಕ್ಕೆ.