ತಗರಿನ ನೆತ್ತಿಯ ಗೆರೆ

ನವೆಂಬರ್ ೧೮, ಮಂಗಳವಾರ.

ಸಾಕಾಗಿದೆ, ಆದರೂ ಆ ತಗರು ಮನಸ್ಸಿನಿಂದ ಹೋಗುತ್ತಿಲ್ಲ. ತುಳಸಿಗೇರಿಯ ನೀಲಪ್ಪ ನಮ್ಮ ಪಶು ಆಸ್ಪತ್ರೆಗೆ ತಂದಿದ್ದ. ಕಾಳಗದಲ್ಲಿ ಗುದ್ದಿ ಗುದ್ದಿ ಈಗ ಕಣ್ಣು ಕಾಣದಂತೆ ಗೋಡೆಗೂ ಢಿಕ್ಕಿ ಹೊಡೆಯುತ್ತದೆ; ನೋಡಿದರೆ ಕಣ್ಣಲ್ಲಿ ಯಾವ ದೋಷವೂ ಇಲ್ಲ. ಬೆಳಕು ಮಿದುಳಿಗೆ ಮುಟ್ಟುತ್ತದೆಯೇ ನೋಡಲು ನೆತ್ತಿಗೆ ತಂತಿ ಅಂಟಿಸಹೋದರೆ ಅಲ್ಲಿ ಬಳಿದಿದ್ದ ಭಂಡಾರದ ಅರಿಶಿನಪುಡಿಯ ಮೇಲೆ ಅದು ನಿಲ್ಲಲೇ ಇಲ್ಲ. ದೇವರದ್ದು, ಒರೆಸಬೇಡಿ ಎಂದು ನೀಲಪ್ಪನ ಹಟ. ಕೊನೆಗೆ ಕೈಮುಗಿದು ತಾನೇ ಒರೆಸಿದ.

ತಗರಿನ ಕಣ್ಣೆದುರು ದೀಪ ಮಿಂಚುತ್ತಲೇ ಇತ್ತು, ಮಿದುಳಿನ ಸ್ಪಂದನ ತೋರಿಸುವ ಪರದೆಯ ಗೆರೆ ಏಳಲಿಲ್ಲ. "ನೋಡಲೇ ರಾಜಾ!" ನೀಲಪ್ಪ ಕೂಗಿದ. ಗೆರೆ ಜಿಗಿಯಿತು.

"ಬೆಳಕ ಕಂಡತ್ರಿ ಡಾಕ್ಟರ!"

"ಇಲ್ಲೋ ನೀಲಪ್ಪ, ನಿನ್ನ ದನಿಗೆ ಕಿವಿ ತಿರುಗಿಸೇತಿ, ಅದಕ್ಕ ಗೆರಿ ಹಾರೇತಿ."

ನೀಲಪ್ಪ ತಗರಿನ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡ. "ಹಂಗಾರ ನಾನ ಮುಂದ ಮಾತಾಡಕೋಂತ ನಡೀತೇನ್ರಿ."

ಗೇಟಿನವರೆಗೂ ಮಾತಾಡುತ್ತಲೇ ಹೋದ. ತಗರು ಎಲ್ಲೂ ಢಿಕ್ಕಿ ಹೊಡೆಯಲಿಲ್ಲ.